ಐಬಿಡಿ ಮತ್ತು ಚರ್ಮದ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ (ಕರುಳಿನಲ್ಲಿ ಉರಿಯೂತ ತರುವ ಈ ಕಾಯಿಲೆಗಳಿಗೆ ಒಟ್ಟಾಗಿ ಐಬಿಡಿ ಎನ್ನುತ್ತಾರೆ) ಇರುವವರಿಗೆ ಮೈಮೇಲೆ ಏನಾದರೂ ಎದ್ದರೆ ಮೊದಲು ಬರುವ ಪ್ರಶ್ನೆ, ‘ಇದಕ್ಕೆ ಯಾವ ಮುಲಾಮು ಹಚ್ಚಲಿ?’ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇದು ಬಂದಿದ್ದು ಎಲ್ಲಿಂದ? ಕರುಳಿನ ಕಾಯಿಲೆ ಕೆರಳಿದ್ದರಿಂದಲೋ, ನುಂಗುತ್ತಿರುವ ಔಷಧಿಯಿಂದಲೋ, ಮೈಯಲ್ಲಿ ಯಾವುದೋ ಪೋಷಕಾಂಶ ಕಮ್ಮಿಯಾಗಿದ್ದರಿಂದಲೋ? ಒಂದೇ ತರಹ ಕಾಣುವ ಎರಡು ಗುಳ್ಳೆಗಳಿಗೆ ಪೂರ್ತಿ ಉಲ್ಟಾ ಚಿಕಿತ್ಸೆ ಬೇಕಾಗಬಹುದು. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ನೆನಪಿರಲಿ.

ಕಾಯಿಲೆ ಇರುವುದು ಕರುಳಿನಲ್ಲಿ. ಚರ್ಮಕ್ಕೆ ಯಾಕೆ ಬರುತ್ತದೆ?

ಐಬಿಡಿಯನ್ನು ಹೊಟ್ಟೆಯ ಕಾಯಿಲೆ ಅಂತ ಕರೆಯುತ್ತೇವೆ, ಆದರೆ ತಪ್ಪು ನಡೆಯುತ್ತಿರುವುದು ದೇಹದ ರಕ್ಷಣಾ ವ್ಯವಸ್ಥೆಯಲ್ಲಿ. ಕರುಳಿನ ಗೋಡೆಯನ್ನು ಕೆರಳಿಸುವ ಬಿಳಿ ರಕ್ತಕಣಗಳು ಮತ್ತು ಟಿಎನ್ಎಫ್‌ನಂಥ ರಾಸಾಯನಿಕಗಳು ರಕ್ತದಲ್ಲಿ ಎಲ್ಲ ಕಡೆ ಓಡಾಡುತ್ತವೆ. ಹಾಗಾಗಿ ಕೀಲು, ಕಣ್ಣು, ಪಿತ್ತನಾಳ, ಚರ್ಮ ಎಲ್ಲಕ್ಕೂ ಬಿಸಿ ತಟ್ಟಬಹುದು. ಐಬಿಡಿ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಕರುಳಿನ ಹೊರಗೆ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಕೀಲುನೋವು ಮೊದಲು, ಚರ್ಮ ಅದರ ಹಿಂದೆಯೇ. ಕೆಲವರಿಗಂತೂ ಚರ್ಮದ ತೊಂದರೆಯೇ ಮೊದಲು ಬಂದು, ಭೇದಿ ಆಮೇಲೆ ಶುರುವಾಗುತ್ತದೆ.

ನನಗಿರುವುದು ಐಬಿಎಸ್. ನನಗೂ ಇವೆಲ್ಲ ಬರುತ್ತಾ?

ಇಲ್ಲ. ಐಬಿಎಸ್‌ನಲ್ಲಿ ಕರುಳಿನ ಕೆಲಸ ಏರುಪೇರಾಗುತ್ತದೆ, ಆದರೆ ಅಲ್ಲಿ ಹುಣ್ಣು, ಉರಿಯೂತ ಇರುವುದಿಲ್ಲ. ಐಬಿಎಸ್ ಅಂತ ಹೇಳಿಸಿಕೊಂಡವರಿಗೆ ಕಾಲಿನಲ್ಲಿ ನೋವಿನ ಗಂಟು, ಮಲದಲ್ಲಿ ರಕ್ತ, ತೂಕ ಇಳಿಯುವುದು ಕಂಡರೆ ರೋಗನಿರ್ಣಯವನ್ನೇ ಮತ್ತೊಮ್ಮೆ ನೋಡಿಸಬೇಕು.

ಮೊಣಕಾಲಿನ ಕೆಳಗೆ ಗಂಟುಗಳು ಎದ್ದಿವೆ. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಏನಿದು?

ಐಬಿಡಿಯಲ್ಲಿ ಅತಿ ಹೆಚ್ಚು ಕಾಣುವ ಚರ್ಮದ ತೊಂದರೆಗಳಲ್ಲಿ ಒಂದು ಇದೇ ಇರಬಹುದು. ಎರಿಥೀಮಾ ನೋಡೋಸಮ್ ಎಂದು ಹೆಸರು. ಚರ್ಮದ ಕೆಳಗಿರುವ ಕೊಬ್ಬಿನ ಪದರ ಊದಿಕೊಂಡು ಗಂಟಾಗುತ್ತದೆ. ಒಂದರಿಂದ ಐದು ಸೆಂಟಿಮೀಟರ್ ಅಗಲ. ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ, ಮೊಣಕಾಲಿನಿಂದ ಕೆಳಗೆ ಮುಂಭಾಗದ ಎಲುಬು ಕೈಗೆ ಸಿಗುವ ಜಾಗದಲ್ಲಿ. ಪ್ಯಾಂಟಿನ ಬಟ್ಟೆ ತಾಗಿದರೂ ಚುರ್ ಎನ್ನುತ್ತದೆ. ಜೊತೆಗೆ ಸ್ವಲ್ಪ ಜ್ವರ, ಕಾಲಿನ ಗಿಣ್ಣು ನೋವು ಬರುವುದುಂಟು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಅಲ್ಸರೇಟಿವ್ ಕೊಲೈಟಿಸ್‌ಗಿಂತ ಕ್ರೋನ್ಸ್‌ನಲ್ಲಿ ಜಾಸ್ತಿ.

ಒಳ್ಳೆಯ ಸಂಗತಿ ಏನೆಂದರೆ ಈ ಗಂಟು ಒಡೆಯುವುದಿಲ್ಲ, ಹುಣ್ಣಾಗುವುದಿಲ್ಲ, ಕಲೆಗುಂಡಿಯನ್ನೂ ಬಿಡುವುದಿಲ್ಲ. ಕೆಲವು ವಾರಗಳಲ್ಲಿ ಪೆಟ್ಟು ಬಿದ್ದ ಜಾಗದ ಹಾಗೆ ನೇರಳೆ, ಹಸಿರು, ಹಳದಿ ಆಗುತ್ತಾ ಮಾಯವಾಗುತ್ತದೆ. ಒಡೆದು ಕೀವು ಸುರಿಯುತ್ತಿದ್ದರೆ ಅದು ಎರಿಥೀಮಾ ನೋಡೋಸಮ್ ಅಲ್ಲ, ಬೇರೆ ಏನೋ.

ಇದು ಕರುಳಿನ ಜೊತೆಜೊತೆಗೇ ಹೋಗುವ ತೊಂದರೆ. ಹೊಟ್ಟೆ ಕೆಟ್ಟಾಗ ಏಳುತ್ತದೆ, ಹೊಟ್ಟೆ ಹತೋಟಿಗೆ ಬಂದಾಗ ತಾನಾಗಿ ಇಳಿಯುತ್ತದೆ. ಹಾಗಾಗಿ ನಿಜವಾದ ಚಿಕಿತ್ಸೆ ಕರುಳಿಗೆ. ಅಲ್ಲಿಯವರೆಗೆ ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು, ತಣ್ಣನೆಯ ಬಟ್ಟೆ, ಡಾಕ್ಟರು ಹೇಳಿದರೆ ಎಲಾಸ್ಟಿಕ್ ಕಾಲುಚೀಲ. ನೋವಿಗೆ ಪ್ಯಾರಾಸಿಟಮಾಲ್ ಆಗಬಹುದು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥವನ್ನು ಅಂಗಡಿಯಿಂದ ತಂದು ನುಂಗಬೇಡಿ. ಕೆಲವರಲ್ಲಿ ಅವು ಕರುಳನ್ನೇ ಕೆರಳಿಸುತ್ತವೆ. ಕಾಲಿನ ನೋವಿಗೆ ಅಂತ ತಗೊಂಡು ಹೊಟ್ಟೆ ಕೆಡಿಸಿಕೊಂಡರೆ ಗಂಟು ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ.

ಇನ್ನೊಂದು ಮಾತು. ಐಬಿಡಿ ಇದೆ ಅಂದ ಮಾತ್ರಕ್ಕೆ ಈ ಗಂಟು ಅದರಿಂದಲೇ ಬಂದಿರಬೇಕು ಅಂತಿಲ್ಲ. ಗಂಟಲಿನ ಸೋಂಕು, ಗರ್ಭನಿರೋಧಕ ಮಾತ್ರೆ, ಗರ್ಭಧಾರಣೆ, ಸಾರ್ಕಾಯ್ಡೋಸಿಸ್, ಕ್ಷಯ ಇವೂ ಇದೇ ಗಂಟುಗಳನ್ನು ತರಬಲ್ಲವು. ಕ್ಷಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಒಂದರಂತೆ ಇನ್ನೊಂದು ಕಾಣುತ್ತವೆ, ಆದರೆ ಕ್ರೋನ್ಸ್‌ಗೆ ಕೊಡುವ ಔಷಧಿಗಳಲ್ಲಿ ಹಲವು ಕ್ಷಯವನ್ನು ಭುಗಿಲೆಬ್ಬಿಸುತ್ತವೆ.

ಪುಸ್ತಕದಲ್ಲಿ ‘ಕೆಂಪು ಗಂಟು’ ಅಂತಿದೆ. ನನ್ನ ಕಾಲಿನಲ್ಲಿ ಕೆಂಪೇ ಕಾಣುತ್ತಿಲ್ಲವಲ್ಲ?

ಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಕಂದು, ಕಪ್ಪು ಮೈಬಣ್ಣದಲ್ಲಿ ಉರಿಯೂತ ಕೆಂಪಾಗಿ ಕಾಣುವುದಿಲ್ಲ. ನೇರಳೆ, ಗಾಢ ಕಂದು ಅಥವಾ ಬರೀ ಸುತ್ತಲಿಗಿಂತ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಬೆರಳ ಹಿಂಭಾಗ ಇಟ್ಟು ನೋಡಿದರೆ ಆ ಜಾಗ ಬಿಸಿ ಇರುತ್ತದೆ. ಮೆಲ್ಲಗೆ ಒತ್ತಿದರೆ ಒಳಗೆ ಗಟ್ಟಿ ಗಂಟು ಸಿಗುತ್ತದೆ, ನೋಯುತ್ತದೆ. ವಾಸಿಯಾದ ಮೇಲೆ ಆ ಜಾಗದ ಕಪ್ಪು ತಿಂಗಳುಗಟ್ಟಲೆ ಉಳಿಯಬಹುದು. ಅದು ಕಾಯಿಲೆ ಉಳಿದಿದೆ ಅಂತಲ್ಲ, ಬಣ್ಣ ಮಾತ್ರ.

ಸೊಳ್ಳೆ ಕಚ್ಚಿದಷ್ಟು ಇದ್ದ ಗುಳ್ಳೆ ಕೆಲವೇ ದಿನಗಳಲ್ಲಿ ಅಂಗೈಯಷ್ಟು ಹುಣ್ಣಾಯಿತು. ಆಂಟಿಬಯಾಟಿಕ್ ಕೆಲಸ ಮಾಡುತ್ತಿಲ್ಲ. ಯಾಕೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಐಬಿಡಿಯ ಚರ್ಮದ ತೊಂದರೆಗಳಲ್ಲಿ ತಪ್ಪು ಚಿಕಿತ್ಸೆಯಿಂದ ಅತಿ ಹೆಚ್ಚು ಹಾಳಾಗುವುದು ಇದೇ.

ಇದು ಪಯೋಡರ್ಮಾ ಗ್ಯಾಂಗ್ರಿನೋಸಮ್ ಇರಬಹುದು. 1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಇದನ್ನು ಮೊದಲು ಈ ಹೆಸರಿನಲ್ಲಿ ವಿವರಿಸಿದರು. ಆಗ ಇದು ಸೋಂಕು ಅಂತಲೇ ತಿಳಿದಿದ್ದರು. ಆದರೆ ಇದು ಸೋಂಕಲ್ಲ, ಗ್ಯಾಂಗ್ರೀನೂ ಅಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಾರಣವಿಲ್ಲದೆ ಚರ್ಮದೊಳಗೆ ನುಗ್ಗಿ ಅದನ್ನೇ ಕರಗಿಸುತ್ತವೆ. ಐಬಿಡಿ ಇರುವ ನೂರು ಜನರಲ್ಲಿ ಸುಮಾರು ಒಬ್ಬಿಬ್ಬರಿಗೆ ಬರಬಹುದು. ಅಪರೂಪವೇ, ಆದರೆ ಬಂದರೆ ಭಾರಿ.

ಗುರುತಿಸುವುದು ಹೀಗೆ. ಮೊದಲು ಸಣ್ಣ ಕೀವುಗುಳ್ಳೆ ಅಥವಾ ಗಂಟು, ಹೆಚ್ಚಾಗಿ ಕಾಲಿನಲ್ಲಿ. ಒಂದೆರಡು ದಿನದಲ್ಲಿ ನಡುವೆ ಒಡೆಯುತ್ತದೆ. ಆಮೇಲೆ ಅಂಚು ದಿನಾ ಹೊರಕ್ಕೆ ಸರಿಯುತ್ತಾ ಹೋಗುತ್ತದೆ. ಅಂಚಿನ ಬಣ್ಣ ನೇರಳೆ ಅಥವಾ ಬೂದುಗಪ್ಪು. ಆ ಅಂಚಿನ ಕೆಳಗೆ ಪೊಳ್ಳಾಗಿರುತ್ತದೆ, ಅಂದರೆ ಹುಣ್ಣು ಹೊರಗೆ ಕಾಣುವುದಕ್ಕಿಂತ ಒಳಗೆ ಅಗಲ. ನೋವು ಹುಣ್ಣಿನ ಗಾತ್ರಕ್ಕೆ ಹೊಂದುವುದೇ ಇಲ್ಲ, ಅಷ್ಟು ಜಾಸ್ತಿ. ಕಲ್ಚರ್, ಅಂದರೆ ಕೀವಿನಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ ಮಾಡಿಸಿದರೆ ಏನೂ ಬೆಳೆಯುವುದಿಲ್ಲ, ಅಥವಾ ಮೇಲೆ ಕೂತ ಸಾಮಾನ್ಯ ಬ್ಯಾಕ್ಟೀರಿಯಾ ಸಿಕ್ಕಿ ದಾರಿ ತಪ್ಪಿಸುತ್ತದೆ.

ಇದರ ಒಂದು ಕೆಟ್ಟ ಗುಣ ಏನೆಂದರೆ, ಚರ್ಮಕ್ಕೆ ಪೆಟ್ಟಾದಷ್ಟೂ ಹಬ್ಬುತ್ತದೆ. ವೈದ್ಯರು ಇದನ್ನು ಪ್ಯಾಥರ್ಜಿ ಎನ್ನುತ್ತಾರೆ. ಸೂಜಿ ಚುಚ್ಚಿದ ಜಾಗದಲ್ಲೂ ಹೊಸ ಹುಣ್ಣು ಏಳಬಹುದು. ‘ಸತ್ತ ಚರ್ಮ ಕತ್ತರಿಸಿ ಸ್ವಚ್ಛ ಮಾಡೋಣ’ ಅಂತ ಸರ್ಜರಿ ಮಾಡಿದರೆ ಒಂದು ಹುಣ್ಣು ಎರಡು ಪಟ್ಟು ಆಗುತ್ತದೆ. ಮತ್ತೆ ಕತ್ತರಿಸುತ್ತಾರೆ, ಮತ್ತೆ ಹಬ್ಬುತ್ತದೆ. ಹುಣ್ಣು ನೋಡುವ ಸರ್ಜನ್‌ಗೆ ನಿಮ್ಮ ಕರುಳಿನ ಕಾಯಿಲೆ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ‘ನನಗೆ ಕ್ರೋನ್ಸ್ ಇದೆ, ಇದು ಪಯೋಡರ್ಮಾ ಇರಬಹುದಾ?’ ಅಂತ ಕತ್ತರಿ ಹಾಕುವ ಮೊದಲೇ ನೀವೇ ಕೇಳಬೇಕು. ಸಂಕೋಚ ಬೇಡ.

ಬಯಾಪ್ಸಿ ಮಾಡಿದರೂ ಅಪಾಯವಲ್ಲವೇ ಅಂದರೆ, ಸ್ವಲ್ಪ ಇದೆ. ಆದರೂ ಅಂಚಿನಿಂದ ಒಂದು ಚೂರು ತೆಗೆದು ನೋಡಬೇಕಾಗುತ್ತದೆ. ನಿಜವಾದ ಸೋಂಕು, ರಕ್ತನಾಳದ ಉರಿಯೂತ, ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳದೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಡುವುದು ಇನ್ನೂ ದೊಡ್ಡ ಅಪಾಯ. ಚಿಕಿತ್ಸೆಗೆ ಸ್ಟೀರಾಯ್ಡ್, ಸೈಕ್ಲೋಸ್ಪೋರಿನ್, ಇನ್ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್ ಬಳಸುತ್ತಾರೆ. ಸಣ್ಣ ಹುಣ್ಣಾದರೆ ಸ್ಟೀರಾಯ್ಡ್ ಅಥವಾ ಟ್ಯಾಕ್ರೋಲಿಮಸ್ ಮುಲಾಮು ಸಾಕಾಗಬಹುದು. ಪಟ್ಟಿ ಅಂಟಿಕೊಳ್ಳದ ಜಾತಿಯದಾಗಿರಲಿ, ಕೀಳುವಾಗ ಚರ್ಮ ಕಿತ್ತು ಬರಬಾರದು. ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕು. ನೋವು ಕಡಿಮೆಯಾಗುವುದು, ಅಂಚು ಸರಿಯುವುದು ನಿಲ್ಲುವುದು, ಇವೇ ಔಷಧಿ ಹಿಡಿಯುತ್ತಿದೆ ಎನ್ನುವ ಮೊದಲ ಗುರುತು. ಕೊನೆಗೆ ಜರಡಿಯಂತೆ ಸಣ್ಣ ಸಣ್ಣ ಗುಂಡಿಗಳಿರುವ ಕಲೆ ಉಳಿಯುತ್ತದೆ.

ನನ್ನ ಹೊಟ್ಟೆ ಚೆನ್ನಾಗಿದೆ. ಆದರೂ ಹುಣ್ಣು ಬರಬಹುದಾ?

ಪಯೋಡರ್ಮಾ ಆದರೆ ಬರಬಹುದು. ಅದು ಕರುಳಿನ ಮಾತು ಕೇಳುವುದಿಲ್ಲ. ಹೊಟ್ಟೆ ತಣ್ಣಗಿದ್ದಾಗಲೂ ಬರುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ಗೆ ದೊಡ್ಡ ಕರುಳನ್ನೇ ತೆಗೆದ ಮೇಲೂ ಕೆಲವರಲ್ಲಿ ಉಳಿದಿದೆ. ಎರಿಥೀಮಾ ನೋಡೋಸಮ್ ಮತ್ತು ಬಾಯಿಹುಣ್ಣು ಹಾಗಲ್ಲ, ಅವು ಹೆಚ್ಚಾಗಿ ಹೊಟ್ಟೆಯನ್ನೇ ಹಿಂಬಾಲಿಸುತ್ತವೆ.

ಜ್ವರದ ಜೊತೆ ಮುಖ, ಕುತ್ತಿಗೆ, ತೋಳಿನ ಮೇಲೆ ಉಬ್ಬಿದ ನೋವಿನ ದದ್ದುಗಳು ಬಂದಿವೆ.

ಸ್ವೀಟ್ ಸಿಂಡ್ರೋಮ್ ಇರಬಹುದು. 1964ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ರಾಬರ್ಟ್ ಸ್ವೀಟ್ ಇದನ್ನು ವಿವರಿಸಿದರು. ಇಲ್ಲೂ ನ್ಯೂಟ್ರೋಫಿಲ್‌ಗಳದ್ದೇ ಕೆಲಸ, ಆದರೆ ಹುಣ್ಣಾಗುವುದು ಕಮ್ಮಿ. ಸ್ಟೀರಾಯ್ಡ್ ಕೊಟ್ಟರೆ ಬೇಗ ಇಳಿಯುತ್ತದೆ. ಆದರೆ ಇದು ರಕ್ತದ ಕ್ಯಾನ್ಸರ್‌ನಲ್ಲೂ ಬರುವುದುಂಟು, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಅಲರ್ಜಿಯಾಗಿಯೂ ಇದೇ ರೂಪದಲ್ಲಿ ಬರಬಹುದು. ಹಾಗಾಗಿ ರಕ್ತಪರೀಕ್ಷೆ, ಬಯಾಪ್ಸಿ ಬೇಕಾಗುತ್ತದೆ.

ಬಾಯಿಹುಣ್ಣು ಎಲ್ಲರಿಗೂ ಬರುತ್ತೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನೋಡಲು ವ್ಯತ್ಯಾಸವಿಲ್ಲ. ನಡುವೆ ಬಿಳಿ-ಹಳದಿ, ಸುತ್ತ ಕೆಂಪು, ಉಪ್ಪು ಖಾರ ತಾಗಿದರೆ ಉರಿ. ವ್ಯತ್ಯಾಸ ಇರುವುದು ಅವು ಬರುವ ಹೊತ್ತಿನಲ್ಲಿ. ಹೊಟ್ಟೆ ಕೆಟ್ಟಾಗೆಲ್ಲ ಗುಂಪಾಗಿ ಬಂದರೆ ಕರುಳಿನ ನಂಟು ಅಂತ ಅನುಮಾನ ಪಡಬಹುದು. ಕಬ್ಬಿಣ, ಬಿ12, ಫೋಲಿಕ್ ಆಮ್ಲ ಕಮ್ಮಿಯಾದರೂ ಇದೇ ಹುಣ್ಣು. ಮೆಥೋಟ್ರೆಕ್ಸೇಟ್ ತಗೊಳ್ಳುವವರಿಗೆ ಬಾಯಿಹುಣ್ಣು ಎದ್ದರೆ ಡೋಸ್ ತಪ್ಪಾಗಿರಬಹುದು ಅಥವಾ ಔಷಧಿ ಜಾಸ್ತಿಯಾಗಿರಬಹುದು. ಅದು ವಾರಕ್ಕೊಮ್ಮೆ ತಗೊಳ್ಳುವ ಔಷಧಿ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಇಂಥ ಹುಣ್ಣು ಕಂಡ ದಿನವೇ ಡಾಕ್ಟರಿಗೆ ಫೋನ್ ಮಾಡಿ.

ಕ್ರೋನ್ಸ್‌ನಲ್ಲಿ ತುಟಿ ಊದಿಕೊಂಡು ಹಾಗೇ ಉಳಿಯುವುದು, ಕೆನ್ನೆಯ ಒಳಭಾಗ ಉಬ್ಬುತಗ್ಗಾಗುವುದು ಕೂಡ ಇದೆ. ಮಕ್ಕಳಲ್ಲಿ, ಹರೆಯದವರಲ್ಲಿ ಇದು ಹೊಟ್ಟೆಯ ಲಕ್ಷಣಕ್ಕಿಂತ ಮೊದಲೇ ಕಾಣಬಹುದು.

ಗುದದ್ವಾರದ ಹತ್ತಿರ ಚರ್ಮ ಜೋತುಬಿದ್ದಿದೆ. ಪೈಲ್ಸ್ ಅಂತ ತೆಗೆಸಬಹುದಾ?

ಕ್ರೋನ್ಸ್ ಇದ್ದರೆ ಆತುರ ಪಡಬೇಡಿ. ಈ ಜೋತುಬಿದ್ದ ಚರ್ಮವನ್ನು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ಕ್ರೋನ್ಸ್‌ನಲ್ಲಿ ಇದು ದಪ್ಪಗೆ, ಊದಿಕೊಂಡು ಇರುತ್ತದೆ. ಪೈಲ್ಸ್ ಅಂದುಕೊಂಡು ಕತ್ತರಿಸಿದರೆ ಗಾಯ ಮಾಯದೇ ಉಳಿಯುವ ಸಂಭವ ಜಾಸ್ತಿ, ಅದರಲ್ಲೂ ಒಳಗೆ ಉರಿಯೂತ ಇರುವಾಗ. ಈ ಜಾಗದ ವಿಷಯ ಮಾತಾಡಲು ಜನ ನಾಚಿಕೊಂಡು ತಿಂಗಳುಗಟ್ಟಲೆ ಸುಮ್ನೆ ಇರುತ್ತಾರೆ. ಅಲ್ಲಿ ನೋವು, ಊತ, ಜ್ವರ ಒಟ್ಟಿಗೆ ಬಂದರೆ ಒಳಗೆ ಕೀವು ಕಟ್ಟಿದೆ ಎಂದರ್ಥ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಣ್ಣ ರಂಧ್ರದಿಂದ ಕೀವು ಅಥವಾ ಮಲ ಒಸರಿ ಒಳಉಡುಪಿಗೆ ಕಲೆಯಾಗುತ್ತಿದ್ದರೆ ಫಿಸ್ಟುಲಾ, ಅಂದರೆ ಕರುಳಿನಿಂದ ಚರ್ಮಕ್ಕೆ ಕೊರೆದುಕೊಂಡ ದಾರಿ. ಅದಕ್ಕೆ ಎಂಆರ್‌ಐ ಮಾಡಿಸಿ ದಾರಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡಿಯೇ ಮುಂದಿನ ತೀರ್ಮಾನ.

ಅಪರೂಪಕ್ಕೆ ಕ್ರೋನ್ಸ್‌ನ ಗ್ರ್ಯಾನುಲೋಮಾಗಳು (ಉರಿಯೂತದ ಕಣಗಳು ಸೇರಿ ಆಗುವ ಸಣ್ಣ ಗಂಟುಗಳು) ಕರುಳಿಗೆ ಸಂಬಂಧವೇ ಇಲ್ಲದ ಚರ್ಮದಲ್ಲೂ ಕಾಣುತ್ತವೆ, ಮೊಲೆಯ ಕೆಳಗಿನ ಮಡಿಕೆ, ತೊಡೆಸಂದು, ಜನನಾಂಗ. ಮೆಟಾಸ್ಟ್ಯಾಟಿಕ್ ಕ್ರೋನ್ಸ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಕ್ಯಾನ್ಸರ್ ಅಲ್ಲ.

ಇನ್ಫ್ಲಿಕ್ಸಿಮ್ಯಾಬ್ ಶುರುವಾದ ಮೇಲೆ ಅಂಗೈ, ಅಂಗಾಲು, ತಲೆಯಲ್ಲಿ ಸೋರಿಯಾಸಿಸ್ ಬಂತು. ಇದೇ ಔಷಧಿಯನ್ನು ಸೋರಿಯಾಸಿಸ್‌ಗೂ ಕೊಡ್ತಾರಂತಲ್ಲ?

ಹೌದು, ಅದೇ ವಿಚಿತ್ರ. ಇನ್ಫ್ಲಿಕ್ಸಿಮ್ಯಾಬ್‌ನಂಥ ಟಿಎನ್ಎಫ್ ತಡೆಯುವ ಔಷಧಿಗಳು ಸೋರಿಯಾಸಿಸ್ ಅನ್ನು ಹತೋಟಿಗೆ ತರುತ್ತವೆ, ಕೆಲವರಲ್ಲಿ ಅವೇ ಅದನ್ನು ತರುತ್ತವೆ. ಒಂದು ದಾರಿ ಮುಚ್ಚಿದಾಗ ದೇಹ ಇಂಟರ್‌ಫೆರಾನ್ ಎಂಬ ಇನ್ನೊಂದು ದಾರಿಯನ್ನು ಜೋರು ಮಾಡುತ್ತದೆ ಎನ್ನುವುದು ಸದ್ಯದ ವಿವರಣೆ. ಅಂಗೈ-ಅಂಗಾಲಿನಲ್ಲಿ ಸಣ್ಣ ಕೀವುಗುಳ್ಳೆ, ತಲೆಯಲ್ಲಿ ದಪ್ಪ ಹೊಟ್ಟು, ಕೆಲವೊಮ್ಮೆ ಕೂದಲು ಉದುರುವುದು, ಕಿವಿಯ ಹಿಂದೆ ಒಡೆಯುವುದು ಇದರ ರೂಪ. ಚುಚ್ಚುಮದ್ದು ಶುರುವಾದ ಕೆಲವು ವಾರಗಳಿಗೂ ಬರಬಹುದು, ವರ್ಷಗಳ ಮೇಲೂ ಬರಬಹುದು.

ಮುಂದಿನ ಡೋಸ್ ತಪ್ಪಿಸಿಕೊಂಡು ಮನೆಯಲ್ಲಿ ಕೂರಬೇಡಿ. ಹಲವರಿಗೆ ಸ್ಟೀರಾಯ್ಡ್ ಮುಲಾಮು, ವಿಟಮಿನ್ ಡಿ ಜಾತಿಯ ಮುಲಾಮು ಹಚ್ಚಿಯೇ ಹತೋಟಿಗೆ ಬರುತ್ತದೆ, ಔಷಧಿ ಮುಂದುವರಿಸಬಹುದು. ಆಗದಿದ್ದರೆ ಉಸ್ಟೆಕಿನುಮ್ಯಾಬ್‌ನಂಥದ್ದಕ್ಕೆ ಬದಲಾಯಿಸುತ್ತಾರೆ. ಅದು ಕ್ರೋನ್ಸ್‌ಗೂ ಆಗುತ್ತದೆ, ಸೋರಿಯಾಸಿಸ್‌ಗೂ ಆಗುತ್ತದೆ. ಕರುಳು ಚೆನ್ನಾಗಿ ಹಿಡಿತಕ್ಕೆ ಬಂದಿರುವ ಔಷಧಿಯನ್ನು ಬರೀ ದದ್ದಿಗೋಸ್ಕರ ಬಿಡುವುದು ದುಬಾರಿ ನಿರ್ಧಾರ, ಅದನ್ನು ಒಬ್ಬರೇ ತೆಗೆದುಕೊಳ್ಳಬಾರದು.

ನನಗೆ ಮೊದಲಿನಿಂದಲೂ ಸೋರಿಯಾಸಿಸ್ ಇದೆ. ಚರ್ಮದ ಡಾಕ್ಟರಿಗೆ ಹೊಟ್ಟೆಯ ವಿಷಯ ಹೇಳಬೇಕಾ?

ಹೇಳಲೇಬೇಕು. ಸೋರಿಯಾಸಿಸ್ ಐಬಿಡಿ ಇರುವವರಲ್ಲಿ ಸಾಮಾನ್ಯ ಜನರಿಗಿಂತ ಜಾಸ್ತಿ. ಸೆಕುಕಿನುಮ್ಯಾಬ್‌ನಂಥ, ಐಎಲ್-17 ಎಂಬ ಉರಿಯೂತದ ರಾಸಾಯನಿಕವನ್ನು ತಡೆಯುವ ಚುಚ್ಚುಮದ್ದು ಸೋರಿಯಾಸಿಸ್‌ಗೆ ಬಹಳ ಒಳ್ಳೆಯದು, ಆದರೆ ಕರುಳಿನ ಕಾಯಿಲೆಯನ್ನು ಕೆರಳಿಸಬಹುದು. ಕ್ರೋನ್ಸ್‌ಗೆ ಅದನ್ನು ಕೊಟ್ಟು ನೋಡಿದಾಗ ಗುಣ ಕಾಣಲಿಲ್ಲ, ಬದಲಿಗೆ ತೊಂದರೆ ಜಾಸ್ತಿಯಾಯಿತು. ಕಂಕುಳು, ತೊಡೆಸಂದಿನಲ್ಲಿ ಮತ್ತೆ ಮತ್ತೆ ಕೀವುಗಂಟು ಏಳುವ ಹೈಡ್ರಾಡಿನೈಟಿಸ್ ಸಪ್ಪುರಟೈವಾ ಕೂಡ ಐಬಿಡಿಯವರಲ್ಲಿ ಜಾಸ್ತಿ. ಬೀಡಿ ಸಿಗರೇಟು ಇದ್ದರೆ ಅದೂ ಕೆಡುತ್ತದೆ, ಕ್ರೋನ್ಸೂ ಕೆಡುತ್ತದೆ.

ಉಳಿದ ಮಾತ್ರೆಗಳಿಂದ ಚರ್ಮಕ್ಕೆ ಏನೇನಾಗಬಹುದು?

ಸ್ಟೀರಾಯ್ಡ್ ಬಹಳ ದಿನ ನುಂಗಿದರೆ ಮೊಡವೆ, ತೆಳು ಚರ್ಮ, ಸಣ್ಣ ಪೆಟ್ಟಿಗೂ ಚರ್ಮದಡಿ ರಕ್ತ ಕಟ್ಟಿ ಕಂದುವುದು, ಹೊಟ್ಟೆ ತೊಡೆಯ ಮೇಲೆ ಗೆರೆಗಳು. ಸಲ್ಫಾಸಲಜೀನ್‌ನಲ್ಲಿ ಸಲ್ಫಾ ಇದೆ. ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ದದ್ದಿನ ಜೊತೆ ಜ್ವರ, ಮುಖ ಊತ ಅಥವಾ ಬಾಯಿ-ಕಣ್ಣು ಸಿಪ್ಪೆ ಸುಲಿದಂತಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾನು ‘ನೀವೇ ನಿಲ್ಲಿಸಿ’ ಅಂತ ಹೇಳುವುದು ಇಂಥ ಅಪಾಯದ ಸೂಚನೆ ಕಂಡಾಗ ಮಾತ್ರ.

ಅಜಾಥಯೋಪ್ರಿನ್‌ಗೆ ಎರಡು ವಿಷಯ. ಒಂದು, ಬಿಸಿಲು. ಈ ಔಷಧಿ ಚರ್ಮದ ಕ್ಯಾನ್ಸರ್ ಸಂಭವವನ್ನು ಹೆಚ್ಚಿಸುತ್ತದೆ, ಬಿಳಿ ಚರ್ಮದವರಲ್ಲಿ ಹೆಚ್ಚು. ತೋಳು ಮುಚ್ಚುವ ಬಟ್ಟೆ, ಟೋಪಿ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ವರ್ಷಕ್ಕೊಮ್ಮೆ ಚರ್ಮದ ತಪಾಸಣೆ. ಎರಡು, ಶುರು ಮಾಡಿದ ಕೆಲವೇ ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬಂದರೆ ಅದು ಬರೀ ಕೂದಲಿನ ಸಮಸ್ಯೆ ಅಲ್ಲ. ಎನ್‌ಯುಡಿಟಿ15 ಎಂಬ ಜೀನ್‌ನಲ್ಲಿ ವ್ಯತ್ಯಾಸ ಇರುವವರಲ್ಲಿ, ಇದು ಏಷ್ಯಾದ ಜನರಲ್ಲಿ ಹೆಚ್ಚು, ಬಿಳಿ ರಕ್ತಕಣ ಕುಸಿಯುವುದಕ್ಕೂ ಕೂದಲು ಉದುರುವುದಕ್ಕೂ ನಂಟಿದೆ. ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಔಷಧಿ ಶುರುಮಾಡುವ ಮೊದಲೇ ಈ ಜೀನ್ ಪರೀಕ್ಷೆ ಮಾಡಿಸುವುದು ಇನ್ನೂ ಒಳ್ಳೆಯದು.

ಟೋಫಾಸಿಟಿನಿಬ್‌ನಂಥ ಮಾತ್ರೆಗಳಲ್ಲಿ ಸರ್ಪಸುತ್ತು ಜಾಸ್ತಿ. ಮೈಯ ಒಂದೇ ಬದಿಯಲ್ಲಿ ಉರಿಯುವ ನೀರುಗುಳ್ಳೆಗಳ ಪಟ್ಟಿ ಎದ್ದರೆ ಮೂರು ದಿನದೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾಗಬೇಕು. ಸರ್ಪಸುತ್ತಿನ ಹೊಸ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಈ ಔಷಧಿಗಳ ಮೇಲಿರುವವರೂ ಹಾಕಿಸಿಕೊಳ್ಳಬಹುದು.

ಕಾಯಿಲೆ ಇಳಿದು ಎರಡು ಮೂರು ತಿಂಗಳಾಯಿತು. ಈಗ ಕೂದಲು ಉದುರುತ್ತಿದೆ. ಯಾಕೆ?

ದೊಡ್ಡ ಕಾಯಿಲೆಯ ನಂತರ ಕೂದಲಿನ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ಬರುತ್ತದೆ. ಆದರೆ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವುದು), ಜಿಂಕ್, ಬಿ12 ಪರೀಕ್ಷೆ ಮಾಡಿಸಿ. ಜಿಂಕ್ ತೀರಾ ಕಮ್ಮಿಯಾದರೆ ಬಾಯಿ, ಗುದದ ಸುತ್ತ ಮತ್ತು ಕೈಬೆರಳುಗಳಲ್ಲಿ ಸಿಪ್ಪೆ ಏಳುವ ಕಜ್ಜಿ ಬರುತ್ತದೆ. ಬಿ12 ಕಮ್ಮಿಯಾದರೆ ಬೆರಳ ಗಿಣ್ಣುಗಳು ಕಪ್ಪಾಗುತ್ತವೆ, ನಾಲಿಗೆ ನುಣ್ಣಗಾಗುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ ಕತ್ತರಿಸಿದವರಿಗೆ ಬಿ12 ಹೀರಿಕೊಳ್ಳುವ ಜಾಗವೇ ಹೋಗಿರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಚುಚ್ಚುಮದ್ದೇ ಬೇಕಾಗುತ್ತದೆ.

ಸ್ಟೋಮಾದ (ಆಪರೇಷನ್ ಮಾಡಿ ಕರುಳನ್ನು ಹೊಟ್ಟೆಯ ಮೇಲೆ ತೆರೆದ ಬಾಯಿ) ಸುತ್ತ ಚರ್ಮ ಸುಟ್ಟ ಹಾಗಿದೆ.

ಹೆಚ್ಚಿನ ಸಲ ಕಾರಣ ಸೋರಿಕೆ. ಇಲಿಯೋಸ್ಟೊಮಿಯ, ಅಂದರೆ ಸಣ್ಣ ಕರುಳಿನಿಂದ ತೆರೆದ ಸ್ಟೋಮಾದ ದ್ರವದಲ್ಲಿ ಜೀರ್ಣರಸಗಳಿರುತ್ತವೆ, ಅವು ಚರ್ಮವನ್ನೂ ಜೀರ್ಣಿಸುತ್ತವೆ. ಬ್ಯಾಗಿನ ಪ್ಲೇಟ್ ತೆಗೆದು ಅದರ ಹಿಂಭಾಗ ನೋಡಿ. ಕಲೆ ಯಾವ ದಿಕ್ಕಿಗೆ ಹರಿದಿದೆಯೋ ಸೋರಿಕೆ ಅಲ್ಲಿಂದ. ಪ್ಲೇಟಿನ ರಂಧ್ರ ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಆಪರೇಷನ್ ಆದ ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಹಳೆಯ ಅಳತೆಯಲ್ಲೇ ಕತ್ತರಿಸುತ್ತಿದ್ದರೆ ಅಂತರ ದೊಡ್ಡದಾಗಿ ಚರ್ಮ ಸುಡುತ್ತದೆ. ಚರ್ಮ ತೊಳೆಯಲು ಬರೀ ನೀರು ಸಾಕು. ಎಣ್ಣೆ, ಜಿಡ್ಡಿನ ಕ್ರೀಮು ಹಚ್ಚಿದರೆ ಪ್ಲೇಟ್ ಅಂಟುವುದಿಲ್ಲ. ಇಷ್ಟೆಲ್ಲ ಸರಿ ಇದ್ದೂ ನೇರಳೆ ಅಂಚಿನ ನೋವಿನ ಹುಣ್ಣು ಎದ್ದಿದ್ದರೆ ಸ್ಟೋಮಾದ ಸುತ್ತ ಬರುವ ಪಯೋಡರ್ಮಾ ಇರಬಹುದು, ಮೇಲಿನ ಉತ್ತರ ನೋಡಿ.

ಇವು ಬೇರೆಯವರಿಗೆ ಅಂಟುತ್ತವೆಯೇ?

ಎರಿಥೀಮಾ, ಪಯೋಡರ್ಮಾ, ಸೋರಿಯಾಸಿಸ್ ಯಾವುದೂ ಅಂಟುವುದಿಲ್ಲ. ಸರ್ಪಸುತ್ತಿನ ಗುಳ್ಳೆಯ ನೀರು ಮಾತ್ರ ‘ಅಮ್ಮ’ ಅಂತ ಕರೆಯುವ ಚಿಕನ್‌ಪಾಕ್ಸ್ ಬರದವರಿಗೆ ತಾಗಬಾರದು.

ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ದದ್ದು ಮಾಯವಾಗಿರುತ್ತದೆ. ಏನು ಮಾಡಲಿ?

ಫೋನಿನಲ್ಲಿ ಫೋಟೊ ತೆಗೆದಿಡಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಒಂದು ದೂರದಿಂದ, ಮೈಯಲ್ಲಿ ಎಲ್ಲಿದೆ ಅಂತ ತಿಳಿಯುವಂತೆ, ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ನಾಣ್ಯ ಅಥವಾ ಸ್ಕೇಲ್ ಇಟ್ಟು. ಹುಣ್ಣಾಗಿದ್ದರೆ ದಿನ ಬಿಟ್ಟು ದಿನ ಅದೇ ಕೋನದಿಂದ ತೆಗೆಯಿರಿ, ಅಂಚು ಸರಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಜೊತೆಗೆ ಮೂರು ಸಾಲು ಬರೆದುಕೊಳ್ಳಿ: ಆ ವಾರ ಹೊಟ್ಟೆ ಹೇಗಿತ್ತು, ಯಾವ ಔಷಧಿ ಯಾವ ದಿನ ಶುರುವಾಯಿತು ಅಥವಾ ಬದಲಾಯಿತು, ಜ್ವರ ಇತ್ತೇ. ಇದೇ ಫೋಟೊ, ಇದೇ ಸಾಲುಗಳನ್ನು ಹೊಟ್ಟೆಯ ಡಾಕ್ಟರಿಗೂ ಚರ್ಮದ ಡಾಕ್ಟರಿಗೂ ತೋರಿಸಿ. ಇಬ್ಬರೂ ಬೇರೆ ಬೇರೆ ಆಸ್ಪತ್ರೆಯಲ್ಲಿದ್ದರೆ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರ ಮುಂದೆ ಇಡುವ ಕೆಲಸವೂ ನಿಮ್ಮದೇ.